ಎಥನಾಲ್–ನೀರಿನ ಸಮತೋಲನ ರೇಖೆ ಕೊನೆಗೂ ಕೈಗೆ ಬಂದದ್ದು ಹೀಗೆ

ಎಥನಾಲ್ ಮತ್ತು ನೀರಿನ ಆವಿ–ದ್ರವ ಸಮತೋಲನದ ಅಂಕಿಗಳು, ಅಂದರೆ ಕುದಿಯುವ ಮಿಶ್ರಣದ ದ್ರವದಲ್ಲೂ ಅದರ ಆವಿಯಲ್ಲೂ ಎಥನಾಲ್ ಎಷ್ಟೆಷ್ಟಿದೆ ಎಂಬ ಲೆಕ್ಕ, ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ. ನಾನು ಅವನ್ನು ಮತ್ತೆ ಅಳೆಯಲು ಹೊರಟದ್ದು, ನಾನೇ ಕಟ್ಟಿದ ಮರುಪರಿಚಲನೆಯ ಸ್ಟಿಲ್ (ಆವಿಯನ್ನು ತಣಿಸಿ ಮತ್ತೆ ಕುದಿಯುವ ದ್ರವಕ್ಕೇ ಮರಳಿಸುವ ಬಟ್ಟಿ ಪಾತ್ರೆ) ನಂಬಿಕೆಗೆ ಅರ್ಹವೇ ಎಂದು ತಿಳಿಯಲು. ಸಿದ್ಧ ಉಪಕರಣವೊಂದನ್ನೇ ತರಿಸಿದ್ದರೆ ನನ್ನ ಬಳಿಯಿದ್ದ ಹಣದ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತಿತ್ತು; ಕೈಯಿಂದ ಕಟ್ಟಿದ್ದಕ್ಕೆ ಐದರಲ್ಲಿ ಒಂದು ಪಾಲು ಸಾಕಾಯಿತು. ಸಾಂದ್ರತಾ ಬಾಟಲಿ (ಗೊತ್ತಾದ ಗಾತ್ರದಷ್ಟು ದ್ರವ ತುಂಬಿ ತೂಗುವ ಬಾಟಲಿ) ಮತ್ತು ಒಂದು ಒಳ್ಳೆಯ ತಕ್ಕಡಿಯಿಂದ ನೆಚ್ಚಬಹುದಾದ ಸಂಯೋಜನೆ ಹೊರಡಲಾರದೆಂದು ಜೊತೆಯವರೆಲ್ಲ ಹೇಳಿದ್ದರು. ಸುಮಾರು ಏಳು ತಿಂಗಳ ನಂತರ ಇಪ್ಪತ್ತಕ್ಕೂ ಹೆಚ್ಚು ಬಿಂದುಗಳು ಪ್ರಕಟಿತ ರೇಖೆಯ ಮೇಲೆ, ಆವಿಯ ಮೋಲ್ ಭಿನ್ನರಾಶಿಯಲ್ಲಿ (ಒಟ್ಟು ಅಣುಗಳಲ್ಲಿ ಎಥನಾಲ್ ಅಣುಗಳ ಪಾಲು) 0.006ರಷ್ಟು ವ್ಯತ್ಯಾಸದೊಳಗೆ ಬಂದು ಕೂತವು. ಇದು ನನಗೆ ಹೆಮ್ಮೆಯ ಸಂಗತಿ.

ಮೊದಲ ಹಣ ಪೋಲಾದದ್ದು, ದ್ರವದಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ಅಳೆಯುವ ವಕ್ರೀಭವನ ಮಾಪಕದ ಬಾಡಿಗೆಗೆ. ನೀರಿನ ವಕ್ರೀಭವನ ಸೂಚ್ಯಂಕ 1.333, ಎಥನಾಲ್‌ನದು 1.361 ಎಂಬುದಷ್ಟನ್ನೇ ನೋಡಿ ನಡುವೆ ಏರುತ್ತಲೇ ಹೋಗುವ ರೇಖೆ ಇರುತ್ತದೆಂದು ಭಾವಿಸಿದ್ದೆ. ಆದರೆ ಎಥನಾಲ್ ತೂಕದಲ್ಲಿ ಮುಕ್ಕಾಲು ಭಾಗ ದಾಟುವ ಹೊತ್ತಿಗೆ ಆ ರೇಖೆ ಶಿಖರ ಮುಟ್ಟಿ ಕೆಳಗಿಳಿಯುತ್ತದೆ, ಹೀಗಾಗಿ ನನಗೆ ತೀರಾ ಬೇಕಾಗಿದ್ದ ಅಜಿಯೋಟ್ರೋಪ್‌ನ (ಆವಿ ಮತ್ತು ದ್ರವ ಎರಡರ ಸಂಯೋಜನೆಯೂ ಒಂದೇ ಆಗುವ ಬಿಂದು) ಸುತ್ತಮುತ್ತ ಒಂದೇ ಓದಿಗೆ ಎರಡು ಸಂಯೋಜನೆಗಳು ಹೊಂದುತ್ತಿದ್ದವು. ಸಾಂದ್ರತೆ ಹಾಗೆ ಮೋಸ ಮಾಡುವುದಿಲ್ಲ: 20 ಡಿಗ್ರಿಯಲ್ಲಿ ಮಿಲಿಲೀಟರಿಗೆ 0.998 ಗ್ರಾಂನಿಂದ 0.789 ಗ್ರಾಂವರೆಗೆ ಒಂದೇ ದಿಕ್ಕಿನಲ್ಲಿ ಇಳಿಯುತ್ತದೆ. ಬಾಟಲಿಯನ್ನು ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಇಟ್ಟು, ಉಷ್ಣಾಂಶವನ್ನು 0.1 ಡಿಗ್ರಿಯೊಳಗೆ ಹಿಡಿದರೆ ಕೆಲಸ ಮುಗಿಯಿತು. ಅರ್ಧ ಡಿಗ್ರಿ ತಪ್ಪಿದರೆ ಎಥನಾಲ್ ಹೆಚ್ಚಿರುವ ತುದಿಯಲ್ಲಿ ತೂಕದ ಪ್ರಮಾಣ ಸುಮಾರು 0.14 ಶೇಕಡಾ ಜಾರುತ್ತದೆ.

ನಿಜವಾದ ಕಷ್ಟ ಇದ್ದದ್ದು ಸ್ಟಿಲ್‌ನ ಕತ್ತಿನಲ್ಲಿ. ದ್ರವದಲ್ಲಿ ಎಥನಾಲ್‌ನ ಮೋಲ್ ಭಿನ್ನರಾಶಿ 0.10 ಇದ್ದಾಗ ಆವಿಯಲ್ಲಿ 0.44ರಷ್ಟು ಬರಬೇಕು, ನನಗೆ 0.51 ಬಂತು. ಆಕ್ಟಿವಿಟಿ ಗುಣಾಂಕಗಳನ್ನು (ಮಿಶ್ರಣದಲ್ಲಿ ಒಂದು ವಸ್ತು ಆದರ್ಶ ನಡೆಯಿಂದ ಎಷ್ಟು ದೂರವಿದೆ ಎಂಬ ಅಳತೆ; ಶುದ್ಧ ವಸ್ತುವಿಗೆ ಅದು 1) ಲೆಕ್ಕ ಹಾಕಿದಾಗ ನೀರಿನದು ಸುಮಾರು 0.92 ಆಯಿತು. ಎಥನಾಲ್‌ನ ಗುಣಾಂಕ ಆ ಭಾಗದಲ್ಲಿ ಇಳಿಯುತ್ತಿರುವಾಗ, ಎರಡು ಗುಣಾಂಕಗಳ ಬದಲಾವಣೆಯನ್ನು ಒಂದಕ್ಕೊಂದು ಕಟ್ಟಿಹಾಕುವ ಗಿಬ್ಸ್–ಡುಹೆಮ್ ಸಮೀಕರಣದ ಪ್ರಕಾರ ನೀರಿನದು 1ರಿಂದ ಮೇಲಕ್ಕೇ ಹೋಗಬೇಕಲ್ಲದೆ ಕೆಳಗೆ ಬೀಳುವಂತಿಲ್ಲ. ದೀಪ ಹಿಡಿದು ನೋಡಿದೆ: ಕತ್ತಿನ ಒಳಗೋಡೆಯ ಮೇಲೆ ಹನಿಗಳು ಕೂಡಿಕೊಂಡು ಮೆಲ್ಲಗೆ ಕೆಳಕ್ಕೆ ಜಾರುತ್ತಿದ್ದವು. ಆವಿ ಕಂಡೆನ್ಸರ್ ತಲುಪುವ ಮೊದಲೇ ಅದರ ಒಂದು ಪಾಲು ತಣಿದು ಹಿಂದಿರುಗುತ್ತಿತ್ತು, ಅಂದರೆ ನಾನು ಅಳೆಯುತ್ತಿದ್ದುದು ಒಂದು ಹಂತಕ್ಕಿಂತ ಹೆಚ್ಚಿನ ಬೇರ್ಪಡಿಕೆಯನ್ನು.

ಕತ್ತಿಗೆ ಬಿಸಿ ತಂತಿ ಸುತ್ತಿದೆ, ಆಗ ಅಂಕಿ 0.41ಕ್ಕೆ ಬಿತ್ತು. ಕುದಿತದ ರಭಸಕ್ಕೆ ಮೇಲೆ ಚಿಮ್ಮಿದ ದ್ರವದ ಹನಿಗಳು ಕಾದ ಗೋಡೆಗೆ ತಾಗಿ ಪೂರ್ತಿ ಆವಿಯಾಗಿ ಮಾದರಿಯಲ್ಲಿ ಬೆರೆಯುತ್ತಿದ್ದವು. ಕೊನೆಗೆ ಗೋಡೆಯನ್ನು ಆವಿಗಿಂತ ಎರಡು ಮೂರು ಡಿಗ್ರಿ ಮಾತ್ರ ಮೇಲಿಟ್ಟು, ಕಾವನ್ನು ನಿಮಿಷಕ್ಕೆ ಮೂವತ್ತು ನಲವತ್ತು ಹನಿ ಬೀಳುವಷ್ಟಕ್ಕೆ ತಗ್ಗಿಸಿ, ಹನಿಗಳನ್ನು ತಡೆಯಲು ಒಳಗೊಂದು ಗಾಜಿನ ತಡೆ ಇಟ್ಟೆ. ಆ ತಡೆಯ ಆಕಾರವನ್ನೂ ತಂತಿಯ ಸುತ್ತುಗಳ ಅಂತರವನ್ನೂ ಇಲ್ಲಿ ಬರೆಯುವುದಿಲ್ಲ. ಅವು ನನ್ನ ನಾಲ್ಕು ತಿಂಗಳ ಗಳಿಕೆ.

ಇದಾದ ಮೇಲೂ ಒಂದು ತಪ್ಪು ಉಳಿದಿತ್ತು. ಎರಡು ಗುಣಾಂಕಗಳ ಅನುಪಾತದ ರೇಖೆಯ ಕೆಳಗಿನ ವಿಸ್ತೀರ್ಣದಿಂದ ಅಂಕಿಗಳ ಹೊಂದಾಣಿಕೆ ನೋಡುವ ವಿಸ್ತೀರ್ಣ ಪರೀಕ್ಷೆ ಚೆನ್ನಾಗಿ ಪಾಸಾಯಿತು, ಆದರೂ ಶುದ್ಧ ಎಥನಾಲ್ ತುದಿಯಲ್ಲೂ ಶುದ್ಧ ನೀರಿನ ತುದಿಯಲ್ಲೂ ಗುಣಾಂಕ 1ಕ್ಕೆ ಬರದೆ 1.025ರ ಹತ್ತಿರ ನಿಲ್ಲುತ್ತಿತ್ತು. ಎರಡು ಗುಣಾಂಕಗಳ ಅನುಪಾತದಲ್ಲಿ ಒಟ್ಟು ಒತ್ತಡ ರದ್ದಾಗುವುದರಿಂದ ಒತ್ತಡದ ದೋಷ ಆ ಪರೀಕ್ಷೆಗೆ ಕಾಣುವುದೇ ಇಲ್ಲ. ನಾನು ಬಳಸಿದ್ದು ಹವಾಮಾನ ವರದಿಯ ಒತ್ತಡ, ಅದು ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿ. ನಾನು ಅದಕ್ಕಿಂತ ಇನ್ನೂರು ಮೀಟರ್ ಮೇಲಿದ್ದೆ. ಸುಮಾರು 2.5 ಕಿಲೋಪ್ಯಾಸ್ಕಲ್ ವ್ಯತ್ಯಾಸ. ಅಳೆದ ಉಷ್ಣಾಂಶಗಳನ್ನು ತಿದ್ದದೆ ಹಾಗೆಯೇ ಬರೆದಿಟ್ಟಿದ್ದರಿಂದ ಆರು ವಾರಗಳ ದುಡಿಮೆ ಉಳಿಯಿತು, ಲೆಕ್ಕ ಮಾತ್ರ ಮತ್ತೆ ಮಾಡಿದೆ. ಈಗ ಪಾದರಸದ ವಾಯುಭಾರ ಮಾಪಕ ಸ್ಟಿಲ್‌ನ ಪಕ್ಕದಲ್ಲೇ ಇದೆ.

ನಡುವೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿಯೂ ನೋಡಿದೆ. ಉಪ್ಪು ನೀರನ್ನು ಹಿಡಿದಿಟ್ಟುಕೊಂಡು ಎಥನಾಲನ್ನು ಆವಿಯ ಕಡೆಗೆ ತಳ್ಳುತ್ತದೆ, ಸಾಕಷ್ಟು ಹಾಕಿದರೆ ಅಜಿಯೋಟ್ರೋಪ್ ಕಣ್ಮರೆಯಾಗುತ್ತದೆ. ಆದರೆ ಉಪ್ಪೆಲ್ಲ ದ್ರವದಲ್ಲೇ ಉಳಿಯುವುದರಿಂದ ಆ ಕಡೆಯ ಸಾಂದ್ರತೆ ಉಪಯೋಗಕ್ಕೆ ಬರಲಿಲ್ಲ, ತುಂಬುವಾಗಲೇ ತೂಗಿದ ಪ್ರಮಾಣವನ್ನು ನೆಚ್ಚಬೇಕಾಯಿತು. ಐದಾರು ಬಿಂದುಗಳಿಗೆ ನಿಲ್ಲಿಸಿದೆ.

ನಿರಂತರ ಖರ್ಚೆಂದರೆ ಶುದ್ಧ ಎಥನಾಲ್. ಬಳಸಿದ್ದನ್ನು ಮತ್ತೆ ಬಟ್ಟಿ ಇಳಿಸಿ ನೀರಿನ ಅಣುಗಳನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಡುವ 3 ಆಂಗ್‌ಸ್ಟ್ರಾಮ್ ಆಣ್ವಿಕ ಜರಡಿಯ ಮೇಲೆ ಎರಡು ದಿನ ಇಟ್ಟು ಒಣಗಿಸುತ್ತಾ ಬಂದದ್ದರಿಂದ ಆ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಕೊನೆಯ ಸುತ್ತಿನಲ್ಲಿ ಅಜಿಯೋಟ್ರೋಪ್ ನನಗೆ 0.89ರ ಮೋಲ್ ಭಿನ್ನರಾಶಿಯಲ್ಲಿ ಸಿಕ್ಕಿತು. ಸಂದೇಹಪಟ್ಟವರಲ್ಲಿ ಒಬ್ಬರು ಈಗ ಅದೇ ಸ್ಟಿಲ್‌ನಲ್ಲಿ ಅಸಿಟೋನ್–ಮೆಥನಾಲ್ ಅಳೆಯುತ್ತಿದ್ದಾರೆ.