ಶೋರೂಮ್‌ಗೆ ಕೊಡದೆ ಹೊರಗೆ ಮಾರಿದೆ, ಎಕ್ಸ್‌ಚೇಂಜ್ ಬೋನಸ್ಸೂ ಸಿಕ್ಕಿತು

"ಹೊರಗೆ ಮಾರಿದ್ರೆ ಬೋನಸ್ ಇಲ್ಲ ಮಾರಾಯ, ಎರಡರಲ್ಲಿ ಒಂದೇ" ಅಂತ ಭಾವ ಹೇಳಿದರು. ಬೋನಸ್ ಅಂದರೆ ಹಳೆ ಗಾಡಿ ಬಿಟ್ಟು ಹೊಸದು ತೆಗೆಯುವವರಿಗೆ ಗಾಡಿ ಕಂಪನಿ ಬಿಲ್ಲಿನಲ್ಲಿ ಕಳೆಯುವ ಹಣ. ಆಫೀಸಿನವರೂ ಅದನ್ನೇ ಹೇಳಿದರು. ಶೋರೂಮಿನ ಹುಡುಗ ಮೂರು ಸಲ ಹೇಳಿದ. ಈಗ ಹಳೆ ಗಾಡಿ ಹೊರಗೆ ಹೋಗಿದೆ, ಆರ್‌ಸಿ ಹೆಸರು ಬದಲಾಗಿದೆ, ಬೋನಸ್ ಹೊಸ ಗಾಡಿಯ ಬಿಲ್ಲಿನಲ್ಲಿ ಕಳೆದಿದ್ದಾರೆ. ಆದ್ದರಿಂದ ಬರೆಯಬಹುದು ಅಂತ ಧೈರ್ಯ ಬಂತು.

ಗಾಡಿ 2014ರ ಮಾರುತಿ ಸ್ವಿಫ್ಟ್ ವಿಡಿಐ, ಡೀಸೆಲ್. ಕೆಎ 19 ಅಂದರೆ ಮಂಗಳೂರಿನ ನಂಬರ್, ಸಿಂಗಲ್ ಓನರ್, ಓಡಿದ್ದು 1 ಲಕ್ಷ 10 ಸಾವಿರ ಕಿಲೋಮೀಟರ್ ಆಸುಪಾಸು. ಇನ್ಶೂರೆನ್ಸ್ ಕರೆಂಟ್ ಇತ್ತು. ಮನೆ ಸುರತ್ಕಲ್, ಸಮುದ್ರ ಹತ್ತಿರ. ಇಲ್ಲಿ ಗಾಡಿ ಇಟ್ಟವರಿಗೆ ತುಕ್ಕಿನ ವಿಷಯ ಹೇಳಬೇಕಾಗಿಲ್ಲ. ನಮ್ಮ ವ್ಯಾಪಾರದಲ್ಲಿ ಅರ್ಧ ಚೌಕಾಶಿ ಅದರ ಮೇಲೆಯೇ ನಡೆಯುತ್ತದೆ.

2025ರ ಜೂನ್‌ನಲ್ಲಿ ಮೊದಲು ಶೋರೂಮಿಗೆ ಹೋದೆ. ಗಾಡಿ ನೋಡಲಿಕ್ಕೆ ಬಂದವನು ಹತ್ತು ನಿಮಿಷ ಸುತ್ತು ಹಾಕಿ, ಫೋಟೋ ತೆಗೆದು, ಯಾರಿಗೋ ವಾಟ್ಸ್ಆ್ಯಪ್ ಮಾಡಿದ. ಆ "ಯಾರಿಗೋ" ಅಂದರೆ ಹಳೆ ಗಾಡಿಯ ಬ್ರೋಕರ್. ರೇಟು ಹಾಕುವುದು ಅವರೇ, ಶೋರೂಮ್ ಅಲ್ಲ. ಮೊದಲು 2 ಲಕ್ಷ 55 ಸಾವಿರ ಅಂದರು. ನಾನು ಎದ್ದು ಹೊರಟಾಗ 2 ಲಕ್ಷ 80 ಆಯಿತು. ಖುಷಿಪಡಬೇಕಾದ ಜಾಗ ಅಲ್ವಾ? ನಾನು ಒಂದೇ ಕೆಲಸ ಮಾಡಿದೆ. ಎಕ್ಸ್‌ಚೇಂಜ್ ಇಲ್ಲದ ಕೊಟೇಶನ್ ಬೇರೆ, ಎಕ್ಸ್‌ಚೇಂಜ್ ಇರುವ ಕೊಟೇಶನ್ ಬೇರೆ, ಎರಡೂ ಪ್ರಿಂಟ್ ತೆಗೆದು ಕೊಡಿ ಅಂದೆ. ಕೊಡಲಿಕ್ಕೆ ತುಂಬಾ ಸತಾಯಿಸಿದರು. ಕೈಗೆ ಬಂದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ, ಮೊದಲನೆಯದರಲ್ಲಿ ಇದ್ದ 25 ಸಾವಿರದ ಕ್ಯಾಶ್ ಡಿಸ್ಕೌಂಟ್ ಎರಡನೆಯದರಲ್ಲಿ ಇಲ್ಲ. ನನ್ನ ಗಾಡಿಗೆ ಏರಿಸಿದ ಹಣವನ್ನು ಹೊಸ ಗಾಡಿಯ ಡಿಸ್ಕೌಂಟಿನಿಂದ ಕಿತ್ತುಕೊಂಡಿದ್ದರು. ಅಲ್ಲಿಗೆ ನಿಜವಾದ ರೇಟು ಮತ್ತೆ 2 ಲಕ್ಷ 55 ಸಾವಿರವೇ.

ಬೋನಸ್ 20 ಸಾವಿರ ಅಂತ ಬೇರೆ ಸಾಲಿನಲ್ಲಿ ಇತ್ತು. ಅದು ಕಂಪನಿ ಕೊಡುವುದು, ಬ್ರೋಕರ್ ಕೊಡುವುದಲ್ಲ. ಹಾಗಾದರೆ ಗಾಡಿ ಇವರಿಗೇ ಕೊಡಬೇಕು ಅಂತ ಎಲ್ಲಿ ಬರೆದಿದೆ? ಸ್ಕೀಮಿನ ಕಾಗದ ತೋರಿಸಿ ಅಂದೆ. ಹುಡುಗನಿಗೆ ಗೊತ್ತಿರಲಿಲ್ಲ, ಮ್ಯಾನೇಜರ್‌ಗೆ ಗೊತ್ತಿತ್ತು. ಹಳೆ ಗಾಡಿಯ ಆರ್‌ಸಿ ಬೇರೆಯವರ ಹೆಸರಿಗೆ ಆದ ಕಾಪಿ ಕೊಟ್ಟರೆ ಸಾಕು ಅಂತ ಅದರಲ್ಲಿತ್ತು. ಯಾರಿಗೆ ಮಾರಿದ್ದು ಅಂತ ಕೇಳುವುದೇ ಇಲ್ಲ. ಎಲ್ಲ ಕಂಪನಿಯದ್ದೂ ಹೀಗೇ ಇರುತ್ತದೆ ಅಂತಲ್ಲ. ಆದರೆ ಬಾಯಿಮಾತಿಗೆ ನಿಲ್ಲಬೇಡಿ, ಕಾಗದ ಕೇಳಿ, ಬುಕಿಂಗ್ ಫಾರಂನಲ್ಲೇ ಬರೆಸಿಕೊಳ್ಳಿ. ಆರ್‌ಸಿ ಕಾಪಿ ಯಾವ ತಾರೀಕಿನೊಳಗೆ ಕೊಡಬೇಕು ಅಂತಲೂ ಬರೆಸಿ.

ಹೊರಗೆ ಮಾರುವುದು ಸುಲಭ ಆಗಲಿಲ್ಲ. ಜೂನ್ ಕೊನೆಗೆ ಆನ್‌ಲೈನ್‌ನಲ್ಲಿ 3 ಲಕ್ಷ 75 ಸಾವಿರಕ್ಕೆ ಹಾಕಿದೆ. ಫೋನು ಬಂದದ್ದು ಜಾಸ್ತಿ ಬ್ರೋಕರುಗಳದ್ದು. "ಲಾಸ್ಟ್ ಎಷ್ಟು?" ಅದು ಬಿಟ್ಟು ಮಾತೇ ಇಲ್ಲ. ಮಿಲಿಟರಿಯವನು, ಟ್ರಾನ್ಸ್‌ಫರ್ ಆಗಿದೆ, ಗಾಡಿ ನೋಡುವುದೇ ಬೇಡ, ಈಗಲೇ ಹಣ ಹಾಕುತ್ತೇನೆ ಅಂತ ಒಬ್ಬ ಕ್ಯೂಆರ್ ಕೋಡ್ ಕಳಿಸಿದ. ಹಣ ಬರಲಿಕ್ಕೆ ನಾವು ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಾಗಿಲ್ಲ. ಆ ನಂಬರ್ ಅಲ್ಲೇ ಬ್ಲಾಕ್. ಮನೆಗೆ ಬಂದು ಇನ್‌ಸ್ಪೆಕ್ಷನ್ ಮಾಡುವ ಆ್ಯಪಿನವರನ್ನೂ ಕರೆಸಿದೆ. ಆ್ಯಪಿನಲ್ಲಿ 3 ಲಕ್ಷ 20 ತೋರಿಸಿದ್ದು, ಟೆಕ್ನಿಷಿಯನ್ ಹೋದ ಮೇಲೆ 2 ಲಕ್ಷ 70 ಆಯಿತು. ಕಾರಣ ಕೇಳಿದರೆ "ಕೋಸ್ಟಲ್ ವೆಹಿಕಲ್" ಅಂತ ಒಂದೇ ಮಾತು.

ಘಟ್ಟದ ಮೇಲೆ ಮಾರಿದರೆ ಹೇಗೆ ಅಂತ ಹಾಸನದ ಕಡೆಯ ಒಬ್ಬರ ಹತ್ತಿರ ಮಾತಾಡಿದೆ. ಕೆಎ 19 ಅಂದ ಕೂಡಲೇ "ಉಪ್ಪುನೀರಿನ ಗಾಡಿ" ಅಂದು ಫೋನ್ ಇಟ್ಟರು. ಕಾಸರಗೋಡಿನ ಪಾರ್ಟಿಗೆ ಗಾಡಿ ಇಷ್ಟ ಆಗಿತ್ತು. ಆದರೆ ಅದು ಕೇರಳ, ಅಲ್ಲಿಗೆ ಫಾರಂ 28ರ ಎನ್‌ಒಸಿ, ಅಲ್ಲಿನ ಟ್ಯಾಕ್ಸ್, ಎಲ್ಲ ಸೇರಿಸಿ ನನ್ನ ರೇಟಿನಲ್ಲಿ ಕಡಿತ ಕೇಳಿದರು. ಇನ್ನೊಬ್ಬರು ದೆಲ್ಲಿಯ ಹತ್ತು ವರ್ಷದ ಡೀಸೆಲ್ ಗಾಡಿ ಎರಡು ಲಕ್ಷಕ್ಕೆ ಬರ್ತದೆ ಅಂತ ಹೆದರಿಸಿದರು. ಬರಲಿ. ಇಲ್ಲಿ ತಂದು ಲೈಫ್ ಟ್ಯಾಕ್ಸ್ ಕಟ್ಟಿ ನಂಬರ್ ಬದಲಿಸಿದ ಮೇಲೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದೆ, ಸುಮ್ಮನಾದರು.

ಅಷ್ಟರಲ್ಲಿ ಆಟಿ, ಅಂದರೆ ತುಳುವರ ಆಷಾಢ, ಬಂತು. ಆಟಿಯಲ್ಲಿ ನಮ್ಮ ಊರಲ್ಲಿ ಗಾಡಿ ತೆಗೆಯುವವರಿಲ್ಲ. ಸುಮ್ನೆ ರೇಟು ಇಳಿಸುತ್ತಾ ಕೂರುವುದಕ್ಕಿಂತ ಜಾಹೀರಾತು ತೆಗೆದುಬಿಟ್ಟೆ. ಒಂದೇ ಗಾಡಿ ತಿಂಗಳುಗಟ್ಟಲೆ ಕಾಣುತ್ತಾ ಇದ್ದರೆ ಜನರಿಗೆ ಸಂಶಯ ಬರುತ್ತದೆ. ಆ ತಿಂಗಳು ಕಾಗದದ ಕೆಲಸಕ್ಕೆ ಇಟ್ಟುಕೊಂಡೆ. ಲೋನ್ ಮುಗಿದು ಎಷ್ಟೋ ವರ್ಷವಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇತ್ತು. ಬ್ಯಾಂಕಿನಿಂದ ಹೊಸ ಎನ್‌ಒಸಿ, ಫಾರಂ 35, ಎಚ್‌ಪಿ ಕ್ಯಾನ್ಸಲ್, ಅಂದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವುದು. ಅದರಲ್ಲಿ ಒಂದು ತೊಂದರೆ ಆಯಿತು. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಒಟಿಪಿ ಹೋಗುತ್ತಿದ್ದದ್ದು ಯಾರದ್ದೋ ನಂಬರಿಗೆ. 2014ರಲ್ಲಿ ಗಾಡಿ ಕೊಟ್ಟ ಡೀಲರ್ ತನ್ನ ಆಫೀಸಿನ ನಂಬರ್ ಹಾಕಿಟ್ಟಿದ್ದ. ಅದು ಸರಿಯಾಗಲಿಕ್ಕೇ ಎರಡು ವಾರದ ಹತ್ತಿರ ಹೋಯಿತು. ಪಾರ್ಟಿ ಸಿಕ್ಕಿದ ಮೇಲೆ ಈ ರಗಳೆ ಬಂದರೆ ವ್ಯಾಪಾರ ಮುರಿಯುತ್ತದೆ. ನಿಮ್ಮ ನಂಬರ್ ಸರಿ ಉಂಟಾ ಅಂತ ಇವತ್ತೇ ನೋಡಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ನನ್ನದು ಆಗಿತ್ತು. ಎರಡು ಹಳೆ ಟ್ರಾಫಿಕ್ ಫೈನ್ ಬಾಕಿ ಇತ್ತು, ಆಗಸ್ಟ್ 23ರಿಂದ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಕಟ್ಟಿ ಮುಗಿಸಿದೆ.

ಖರ್ಚು ಎಲ್ಲಿ ಮಾಡಬೇಕು ಅನ್ನುವುದರಲ್ಲಿ ನನಗೂ ಮೆಕ್ಯಾನಿಕ್‌ಗೂ ಜಗಳವೇ ಆಯಿತು. ನಾಲ್ಕು ಟಯರ್ ಹಾಕಿ ಅಂದ, 18 ಸಾವಿರ ಆಗುತ್ತಿತ್ತು. ಹಾಕಲಿಲ್ಲ. ಅದರಲ್ಲಿ ಅರ್ಧವೂ ವಾಪಸ್ ಬರುವುದಿಲ್ಲ. ಬಂಪರ್ ಪೇಂಟ್ ಮಾಡಿಸಲಿಲ್ಲ. ಹೊಸ ಪೇಂಟ್ ಕಂಡರೆ ಆ್ಯಕ್ಸಿಡೆಂಟ್ ಅಂತಲೇ ತಿಳಿಯುತ್ತಾರೆ. ಹೆಡ್‌ಲೈಟ್ ಪಾಲಿಶ್, ಒಳಗಿನ ಕ್ಲೀನಿಂಗ್, ಆಯಿಲ್ ಸರ್ವಿಸ್, ವೈಪರ್. ಎಲ್ಲ ಸೇರಿ ಐದಾರು ಸಾವಿರದೊಳಗೆ.

ಫೋಟೋದಲ್ಲಿ ಒಂದು ಪ್ರಯೋಗ ಮಾಡಿದೆ. ಮೊದಲ ಸಲ ಪಣಂಬೂರು ಬೀಚ್ ಹತ್ತಿರ ನಿಲ್ಲಿಸಿ ಚಂದದ ಫೋಟೋ ತೆಗೆದಿದ್ದೆ. ಎರಡನೇ ಸಲ ಲಿಫ್ಟಿಗೆ ಏರಿಸಿ ಅಡಿಯ ಫೋಟೋ ತೆಗೆದೆ. ಫ್ಲೋರ್, ಸೈಲೆನ್ಸರ್, ಡೋರಿನ ಕೆಳಗಿನ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದ ಜಾಗ. ಸೈಲೆನ್ಸರ್ ಮೇಲೆ ಇದ್ದ ತುಕ್ಕನ್ನೂ ಹಾಗೇ ತೋರಿಸಿದೆ. ಫೋನು ಕಮ್ಮಿ ಬಂತು, ಆದರೆ ಬಂದವರೆಲ್ಲ ನಿಜವಾಗಿ ತಗೊಳ್ಳುವವರು. ಬ್ರೋಕರುಗಳ ಕಾಟ ಅರ್ಧಕ್ಕರ್ಧ ನಿಂತಿತು. ಪ್ರತಿ ಮಳೆಗಾಲ ಮುಗಿದ ಮೇಲೆ ಅಡಿ ತೊಳೆಸಿ ನಾನೇ ಒಂದು ಮಿಶ್ರಣ ಹೊಡೆಯುತ್ತೇನೆ. ಅದರಲ್ಲಿ ಏನೇನು ಹಾಕುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಹನ್ನೊಂದು ವರ್ಷ ಆದರೂ ಫ್ಲೋರ್‌ನಲ್ಲಿ ಒಂದು ತೂತು ಇಲ್ಲ, ಅಷ್ಟು ಹೇಳಬಲ್ಲೆ.

ಫೋನಿನಲ್ಲಿ ನಾನು ಕೇಳುವ ಒಂದು ಪ್ರಶ್ನೆಯೂ ಉಂಟು. ಅದಕ್ಕೆ ಕೊಡುವ ಉತ್ತರದಲ್ಲಿ ಬ್ರೋಕರ್ ಯಾರು, ಮನೆಗೆ ತಗೊಳ್ಳುವವರು ಯಾರು ಅಂತ ಗೊತ್ತಾಗಿಬಿಡುತ್ತದೆ. ಅದನ್ನೂ ಇಟ್ಟುಕೊಳ್ಳುತ್ತೇನೆ. ಇನ್ನೂ ಗಾಡಿ ಮಾರಲಿಕ್ಕೆ ಉಂಟಲ್ಲ.

ಆಟಿ ಮುಗಿದು ಸೋಣ ತಿಂಗಳು ಶುರುವಾದ ಮೇಲೆ 3 ಲಕ್ಷ 55ಕ್ಕೆ ಮತ್ತೆ ಹಾಕಿದೆ. ಆಗಸ್ಟ್ 15ರಂದು ಜಿಎಸ್‌ಟಿ ಇಳಿಯುತ್ತದೆ ಅಂತ ಪ್ರಧಾನಿ ಹೇಳಿದ್ದರಲ್ಲ, ಹೊಸ ಗಾಡಿ ಅಗ್ಗ ಆದರೆ ಹಳೆಯದೂ ಇಳಿಯಲೇಬೇಕು. ಅಷ್ಟರೊಳಗೆ ಕೊಟ್ಟುಬಿಡಬೇಕು ಅಂತ ನನ್ನ ಅವಸರ. ಚೌತಿ ಕಳೆದ ಎರಡು ಮೂರು ದಿನದಲ್ಲಿ ಕಿನ್ನಿಗೋಳಿ ಕಡೆಯ ಮೇಷ್ಟ್ರೊಬ್ಬರು ಬಂದರು. ದಿನಾ ದೂರ ಓಡಾಟ, ಡೀಸೆಲ್ಲೇ ಬೇಕು ಅಂತ ಹುಡುಕುತ್ತಿದ್ದರು. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ನಿಲ್ಲಿಸಿದೆ, ಹಾಗಾಗಿ ಚೆನ್ನಾಗಿಟ್ಟ ವಿಡಿಐಗೆ ನಮ್ಮಲ್ಲಿ ಇನ್ನೂ ಬೆಲೆ ಉಂಟು.

ಅವರ ಜೊತೆ ಬಂದ ಮೆಕ್ಯಾನಿಕ್ ಒಳ್ಳೆ ಕೆಲಸಗಾರ. ಬಂದ ಕೂಡಲೇ ಬಾನೆಟ್ ಕಡೆ ಹೋಗಲಿಲ್ಲ. ಮೊದಲು ನೆಲದ ಮೇಲೆ ಗೋಣಿ ಹಾಸಿ ಮಲಗಿದ. ಸ್ಕ್ರೂ ಡ್ರೈವರಿನ ಹಿಡಿಯಿಂದ ರನ್ನಿಂಗ್ ಬೋರ್ಡನ್ನು ಮುಂದಿನಿಂದ ಹಿಂದಿನವರೆಗೆ ತಟ್ಟುತ್ತಾ ಬಂದ. ಒಂದೇ ಸದ್ದು ಬರಬೇಕು. ಪುಟ್ಟಿ ತುಂಬಿದ್ದರೆ ಅಲ್ಲಿ ಸದ್ದು ಮಂದ ಆಗುತ್ತದೆ. ಆಮೇಲೆ ಡೋರಿನ ಕೆಳಗೆ ನೀರು ಹೋಗುವ ತೂತುಗಳಿಗೆ ಬೆರಳು ಹಾಕಿ ನೋಡಿ, ಬೆರಳನ್ನು ಮೇಷ್ಟ್ರಿಗೆ ತೋರಿಸಿದ. ಮಣ್ಣು ಇತ್ತು, ತುಕ್ಕಿನ ಹುಡಿ ಇರಲಿಲ್ಲ. ಕೊನೆಗೆ ಗಾಡಿ ಸ್ಟಾರ್ಟ್ ಮಾಡಿ ಆಯಿಲ್ ಮುಚ್ಚಳ ತೆಗೆದು ಅಲ್ಲಿ ಹೊಗೆ ಎದ್ದು ಬರುತ್ತದಾ ಅಂತ ನೋಡಿದ. ಕೂಳೂರಿನಿಂದ ಕಾವೂರಿನ ಕಡೆ ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಸಿದ. ವಾಪಸ್ ಬಂದು "ತಗೊಳ್ಳಿ ಸರ್, ಬಾಡಿ ಒರಿಜಿನಲ್" ಅಂದ. ನನಗೆ ಆ ಒಂದು ಮಾತಿಗೆ ಹನ್ನೊಂದು ವರ್ಷದ ಶ್ರಮ ಸಾರ್ಥಕ ಅನ್ನಿಸಿತು.

3 ಲಕ್ಷ 35 ಸಾವಿರಕ್ಕೆ ಮುಗಿಯಿತು. ಮೇಷ್ಟ್ರು ಸ್ವಲ್ಪ ಕ್ಯಾಶ್ ಕೊಡುತ್ತೇನೆ ಅಂದರು, ಪೂರ್ತಿ ಬ್ಯಾಂಕಿಗೇ ಹಾಕಿ ಅಂದೆ. ಎರಡು ಲಕ್ಷ ಮತ್ತು ಮೇಲ್ಪಟ್ಟು ನಗದು ತಗೊಳ್ಳುವ ಹಾಗಿಲ್ಲ. ನನಗೆ ಅದಕ್ಕಿಂತ ಕಮ್ಮಿ ನಗದೂ ಬೇಡ. ಹಣ ಅಕೌಂಟಿಗೆ ಬಂದ ಮೇಲೆ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ. ಡೆಲಿವರಿ ನೋಟ್‌ನಲ್ಲಿ ತಾರೀಕಿನ ಜೊತೆ ಗಂಟೆ, ನಿಮಿಷ, ಮೀಟರ್ ರೀಡಿಂಗ್ ಬರೆದೆ. ಫಾಸ್ಟ್ಯಾಗ್ ಬೆಳಿಗ್ಗೆಯೇ ಕ್ಲೋಸ್ ಮಾಡಿಸಿದ್ದೆ, ಇಲ್ಲದಿದ್ದರೆ ಹೆಜಮಾಡಿ ಟೋಲಿನ ಮೆಸೇಜು ನನಗೆ ಬರುತ್ತಿತ್ತು. ಆರ್‌ಟಿಒ ಏಜೆಂಟ್ ನನ್ನವನೇ, ಮೂರು ಸಾವಿರ ಚಿಲ್ಲರೆ ಇಬ್ಬರೂ ಹಂಚಿಕೊಂಡೆವು. ಏಜೆಂಟ್ ನಿಮ್ಮವನೇ ಆಗಿರಲಿ. ಆರ್‌ಸಿ ಕಾಪಿ ಬೇಗ ಕೈಗೆ ಬರದಿದ್ದರೆ ಬೋನಸ್ಸೂ ಇಲ್ಲ.

ಸಹಿ ಮಾಡಿದ ಖಾಲಿ ಫಾರಂ ಬ್ರೋಕರ್ ಕೈಗೆ ಕೊಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಆರ್‌ಸಿಯಲ್ಲಿ ಹೆಸರು ಇರುವವರೇ ಓನರ್, ಆ್ಯಕ್ಸಿಡೆಂಟ್ ಪರಿಹಾರದ ಹೊಣೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಕೈ ಬದಲಾಗುತ್ತಾ ಎಲ್ಲೆಲ್ಲೋ ಹೋಗಿರುತ್ತದೆ, ನೋಟಿಸ್ ಮಾತ್ರ ನಿಮ್ಮ ಮನೆಗೆ ಬರುತ್ತದೆ. ಶೋರೂಮಿಗೆ ಎಕ್ಸ್‌ಚೇಂಜ್ ಕೊಟ್ಟರೂ ಇದೇ ಅಪಾಯ. 2023ರ ಏಪ್ರಿಲ್‌ನಿಂದ ಅಧಿಕೃತ ಹಳೆ ಗಾಡಿ ಡೀಲರ್‌ಗೆ ಕೊಡುವಾಗ ಫಾರಂ 29ಸಿ ಹಾಕುವ ನಿಯಮ ಬಂದಿದೆ. ಅದು ಹಾಕಿದರೆ ಹೊಣೆ ಡೀಲರ್‌ಗೆ ಹೋಗುತ್ತದೆ. ನಾನು ಜೂನ್‌ನಲ್ಲಿ ಕೇಳಿದಾಗ ಆ ಶೋರೂಮಿನಲ್ಲಿ ಮುಖ ಮುಖ ನೋಡಿಕೊಂಡರು. ಹೊರಗೆ ಮಾರಲಿಕ್ಕೆ ನಾನು ಗಟ್ಟಿ ಮನಸ್ಸು ಮಾಡಿದ್ದು ಹಣಕ್ಕಿಂತ ಜಾಸ್ತಿ ಇದಕ್ಕೆ.

ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಬಂತು, 22ರಿಂದ ಹೊಸ ದರ. ಸಣ್ಣ ಪೆಟ್ರೋಲ್ ಗಾಡಿಗೆ ಸೆಸ್ ಸೇರಿ 29 ಇದ್ದದ್ದು 18 ಆಯಿತು. ಏಳು ಲಕ್ಷದ ಗಾಡಿಯಲ್ಲಿ 60 ಸಾವಿರದ ಹತ್ತಿರ ಇಳಿಯಿತು. ಮಾರುವುದು, ಕೊಳ್ಳುವುದು ಎರಡನ್ನೂ ಬೇರೆ ಮಾಡಿದ್ದಕ್ಕೆ ಇದು ಸಿಕ್ಕಿತು. ಜೂನ್‌ನಲ್ಲಿ ಎಕ್ಸ್‌ಚೇಂಜ್ ಮಾಡಿದ್ದರೆ ಹಳೆ ದರವೇ ಕಟ್ಟಬೇಕಿತ್ತು. ಇದಕ್ಕೆ ಅದೃಷ್ಟವೂ ಬೇಕು, ಒಪ್ಪುತ್ತೇನೆ. ನಡುವೆ ಗಾಡಿ ಇಲ್ಲದ ಒಂದೂವರೆ ತಿಂಗಳಿಗೆ ಬಸ್ಸು, ರಿಕ್ಷಾ ಅಂತ ಆರೇಳು ಸಾವಿರ ಹೋಯಿತು. ದೀಪಾವಳಿಗೆ ಹೊಸ ಗಾಡಿ ಬಂತು.

ಇನ್ಶೂರೆನ್ಸ್ ಟೇಬಲ್‌ನಲ್ಲಿ ಇನ್ನೊಂದು ಉಂಟು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯದ್ದಲ್ಲ, ಓನರಿನದ್ದು. ಮಾರಿದ ಪ್ರೂಫ್ ಕೊಟ್ಟು ಹಳೆ ಕಂಪನಿಯಿಂದ ಸರ್ಟಿಫಿಕೇಟ್ ತಗೊಂಡರೆ ಹೊಸ ಗಾಡಿಗೆ ಬರುತ್ತದೆ, ಮೂರು ವರ್ಷ ನಡೆಯುತ್ತದೆ. ನನ್ನದು ಶೇಕಡಾ 50 ಇತ್ತು. ಎಂಟೊಂಬತ್ತು ಸಾವಿರ ಉಳಿಯಿತು. ಇದು ಎಕ್ಸ್‌ಚೇಂಜ್ ಕೊಟ್ಟವರಿಗೂ ಸಿಗುತ್ತದೆ, ಕೇಳುವವರು ಕಮ್ಮಿ.

ಒಟ್ಟು ಲೆಕ್ಕ ಹೀಗೆ. ಶೋರೂಮ್ ಕೊಡುತ್ತಿದ್ದದ್ದು 2 ಲಕ್ಷ 55, ಮೇಲೆ ಬೋನಸ್. ನನಗೆ ಖರ್ಚು ಕಳೆದು 3 ಲಕ್ಷ 20ರ ಹತ್ತಿರ ಉಳಿಯಿತು, ಮೇಲೆ ಅದೇ ಬೋನಸ್. 65 ಸಾವಿರದ ವ್ಯತ್ಯಾಸ. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ಹಾಗಂತ ಎಲ್ಲದಕ್ಕೂ ಇದೇ ಸರಿ ಅಂತಲ್ಲ. ಹಿಂದೆ ಹೆಂಡತಿಯ ಹಳೆ ಸ್ಕೂಟರಿಗೂ ಇದೇ ಓಡಾಟ ಶುರುಮಾಡಿದ್ದೆ. ಹೊರಗಿನವರು ಶೋರೂಮಿಗಿಂತ ನಾಲ್ಕು ಸಾವಿರ ಜಾಸ್ತಿ ಕೊಡುತ್ತಿದ್ದರು, ಅಷ್ಟೇ. ಎಕ್ಸ್‌ಚೇಂಜ್‌ಗೇ ಕೊಟ್ಟೆ. ಕಾರಿನಲ್ಲಿ ವ್ಯತ್ಯಾಸ 30-35 ಸಾವಿರಕ್ಕಿಂತ ಕಮ್ಮಿ ಇದ್ದರೆ ನಾನು ಹೊರಗೆ ಹೋಗುವುದಿಲ್ಲ.

ಭಾವ ಈಗ ತಮ್ಮ ಗಾಡಿ ಹಿಡಿದುಕೊಂಡು ಬಂದಿದ್ದಾರೆ. ಲೋನ್ ಇನ್ನೂ ಉಂಟು, ಮುಂದಿನ ಪಿಲ್ಲರ್ ತನಕ ಟಿಂಕರಿಂಗ್ ಆದ ಗಾಡಿ, ಜನವರಿಗೆ ಮಸ್ಕತ್‌ಗೆ ವಾಪಸ್ ಹೋಗಬೇಕು. ಅವರಿಗೆ ಶೋರೂಮೇ ಸರಿ ಅಂದೆ. ಎರಡು ಕೊಟೇಶನ್ ಕೇಳಿ, 29ಸಿ ಹಾಕದೆ ಕೀ ಕೊಡಬೇಡಿ ಅಂತಲೂ ಹೇಳಿದ್ದೇನೆ. ಮುಂದಿನ ವಾರ ಜೊತೆಗೆ ಹೋಗುವವನು ನಾನೇ.