ಮಂಗನ ಕಾಯಿಲೆ: ಕಾಡಿನ ದಾರಿ ಮುಚ್ಚುವ ಮುನ್ನ ಹಾಕಬೇಕಾದ ಲೆಕ್ಕ

ಡಿಸೆಂಬರ್‌ನಿಂದ ಮೇ ತನಕ ಮಲೆನಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಪಂಚಾಯಿತಿಯಲ್ಲಿ ಮೊದಲು ಹೊರಡುವ ಮಾತು, 'ಯಾರೂ ಕಾಡಿಗೆ ಹೋಗಬೇಡಿ'. ಹೇಳುವುದು ಸುಲಭ. ಆದರೆ ಒಲೆಗೆ ಸೌದೆ, ಕೊಟ್ಟಿಗೆಗೆ ದರಗು (ಒಣಗಿ ಉದುರಿದ ಎಲೆ), ದನಕ್ಕೆ ಮೇವು, ಮಾರಲು ಸೀಗೆ ಎಲ್ಲ ಬರುವುದೂ ಅದೇ ಕಾಡಿನಿಂದ. ಪಂಚಾಯಿತಿ ಸದಸ್ಯರು, ಪಿಡಿಒ, ಆರೋಗ್ಯ ಸಿಬ್ಬಂದಿ ಒಟ್ಟಿಗೆ ಕೂತು ನಿರ್ಬಂಧವನ್ನು ತೂಗಿ ನೋಡುವ ಕ್ರಮ ಇಲ್ಲಿದೆ.

ಮೊದಲು ರೋಗ ಬರುವ ದಾರಿಯನ್ನು ಎಲ್ಲರ ಎದುರು ಬರೆದಿಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಸೋಂಕಿರುವ ಉಣುಗು (ಉಣ್ಣೆ) ಕಚ್ಚಿದರೆ ಬರುತ್ತದೆ. ಮಂಗಗಳೂ ಇದೇ ಕಾಯಿಲೆಯಿಂದ ಸಾಯುತ್ತವೆ, ಹಾಗಾಗಿ ಮಂಗ ಸತ್ತ ಜಾಗವೇ ಅಪಾಯದ ಗುರುತು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದೊಂದು ಸಾಲು ಅರ್ಧ ಜಗಳವನ್ನು ಮುಗಿಸುತ್ತದೆ. ಶಾಲೆ ಮುಚ್ಚಿದರೆ ಒಂದು ಪ್ರಕರಣವೂ ತಪ್ಪುವುದಿಲ್ಲ, ಮಕ್ಕಳ ಬಿಸಿಯೂಟ ಮಾತ್ರ ತಪ್ಪುತ್ತದೆ. ಸಂತೆ, ಮದುವೆ, ಬಸ್ಸು ನಿಲ್ಲಿಸುವುದಕ್ಕೂ ಇದೇ ಉತ್ತರ. ಅಂಥ ನಿರ್ಬಂಧ ಹಾಕಿದರೆ ಊರಿಗೇ ಕೆಟ್ಟ ಹೆಸರು ಅಂಟುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರೂ ಬರಲು ಹಿಂಜರಿಯುತ್ತಾರೆ.

ಎರಡನೆಯದು ನಕ್ಷೆ. ಗ್ರಾಮದ ನಕ್ಷೆಯಲ್ಲಿ ಮಂಗ ಸತ್ತ ಜಾಗಗಳನ್ನು ದಿನಾಂಕ ಸಮೇತ ಗುರುತಿಸಿ. ಮುಸಿಯವಾದರೂ (ಕರಿಮುಖದ ಮಂಗ) ಕೆಂಪು ಮಂಗವಾದರೂ ಬಿಡಬೇಡಿ. ಜ್ವರ ಖಚಿತವಾದವರನ್ನು 'ಎಲ್ಲಿ ಹೋಗಿದ್ದಿರಿ' ಎಂದಷ್ಟೇ ಕೇಳಿದರೆ ಸಾಲದು. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಕಾಣಿಸಿಕೊಳ್ಳುವುದರಿಂದ, ಜ್ವರ ಶುರುವಾದ ದಿನದಿಂದ ಹಿಂದಿನ ಹತ್ತು ದಿನ ಸೌದೆಗೆ, ದರಗಿಗೆ, ದನ ಹುಡುಕಲು ಯಾವ ಬೆಟ್ಟ ಹತ್ತಿದ್ದರು ಎಂದು ದಿನವಹಿ ಕೇಳಿ ಬರೆದುಕೊಳ್ಳಿ. ಕಾಡಿಗೇ ಹೋಗದವರು ಸಿಕ್ಕರೆ ಅವರ ಕೊಟ್ಟಿಗೆ ನೋಡಿ: ಮೇಯಲು ಹೋದ ದನದ ಮೈಮೇಲೆ, ತಂದು ರಾಶಿ ಹಾಕಿದ ದರಗಿನಲ್ಲಿ ಉಣುಗು ಮನೆಯಂಗಳಕ್ಕೇ ಬಂದಿರುತ್ತದೆ.

ಇನ್ನು ಖರ್ಚಿನ ಲೆಕ್ಕ. ಬಹುತೇಕ ಸಭೆಗಳು ಬಿಟ್ಟುಬಿಡುವ ಭಾಗ ಇದೇ, ಹೆಚ್ಚು ಹೊತ್ತು ಕೊಡಬೇಕಾದದ್ದೂ ಇದಕ್ಕೇ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಮೂಲಕ ನಾಲ್ಕು ಪ್ರಶ್ನೆ ಕೇಳಿಸಿ: ಯಾರು ಹೋಗುತ್ತಾರೆ, ವಾರಕ್ಕೆ ಎಷ್ಟು ಸಲ, ಏನು ತರುತ್ತಾರೆ, ಅದು ಸಿಗದಿದ್ದರೆ ಏನು ಮಾಡುತ್ತಾರೆ. ಒಂದು ಉದಾಹರಣೆ ಹಾಕೋಣ. 40 ಮನೆಯ ಊರಿನಿಂದ 18 ಜನ ವಾರಕ್ಕೆ ನಾಲ್ಕು ಸಲ ಹೋಗುತ್ತಾರೆ, ಪ್ರತಿ ಸಲ ತರುವುದರ ಬೆಲೆ ಅರ್ಧ ದಿನದ ಕೂಲಿಯಷ್ಟು, ಅಂದರೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಇಡೀ ಕಾಡು ಮುಚ್ಚಿದರೆ ವಾರಕ್ಕೆ 18,000, ನಾಲ್ಕು ವಾರಕ್ಕೆ 72,000 ನಷ್ಟ. ನಕ್ಷೆಯಲ್ಲಿ ಗುರುತಾದ ಎರಡು ಬೆಟ್ಟಗಳನ್ನಷ್ಟೇ ಮುಚ್ಚಿ, ಅಲ್ಲಿಗೆ ಹೋಗುವವರು ಐದೇ ಜನ ಎಂದಾದರೆ ನಾಲ್ಕು ವಾರದ ನಷ್ಟ 20,000. ಸೌದೆಯ ಬೆಲೆಯನ್ನೂ ಸೌದೆ ಕಡಿಯುವವರ ಕೂಲಿಯನ್ನೂ ಎರಡನ್ನೂ ಸೇರಿಸಬೇಡಿ, ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಎದುರಿಗೆ ಕಾಯಿಲೆಯ ಖರ್ಚು ಬರೆಯಿರಿ. ಜ್ವರ ಇಳಿದರೂ ಸುಸ್ತು ಹೋಗಿ ಕೂಲಿಗೆ ಮರಳಲು ತಿಂಗಳು ಬೇಕಾಗಬಹುದು. ಕೆಲವರಿಗೆ ಒಂದೆರಡು ವಾರದ ಬಳಿಕ ಜ್ವರ ಮರುಕಳಿಸುತ್ತದೆ. ರೋಗಿಯ 30 ದಿನ, ನೋಡಿಕೊಳ್ಳುವವರ 10 ದಿನ, ದಿನಕ್ಕೆ 500ರಂತೆ 20,000. ಹಾಗಾದರೆ ಎರಡು ಬೆಟ್ಟ ಮುಚ್ಚಿದ್ದು ಒಂದೇ ಒಂದು ಪ್ರಕರಣ ತಡೆದರೂ ಸರಿದೂಗುತ್ತದೆ, ಇಡೀ ಕಾಡು ಮುಚ್ಚಿದರೆ ನಾಲ್ಕು ತಡೆಯಬೇಕು. ಸಾವನ್ನು ಮಾತ್ರ ರೂಪಾಯಿಗೆ ಇಳಿಸಬೇಡಿ. ರೋಗ ಬಂದ ನೂರರಲ್ಲಿ 3ರಿಂದ 5 ಜನ ಸಾಯುತ್ತಾರೆ. ಅದನ್ನು ಬೇರೆ ಕಾಲಂನಲ್ಲಿ ಬರೆದು ಸಭೆಯಲ್ಲಿ ಗಟ್ಟಿಯಾಗಿ ಓದಿ. ಖಚಿತ ಪ್ರಕರಣಗಳು ಹಲವು ಬೆಟ್ಟಗಳಿಗೆ ಹಬ್ಬಿದ್ದರೆ ಆಗ ದೊಡ್ಡ ನಿರ್ಬಂಧವೇ ಸರಿ, ಹಿಂಜರಿಯಬಾರದು.

ಮುಚ್ಚುವ ದಿನವೇ ಬದಲಿ ವ್ಯವಸ್ಥೆಯೂ ತಲುಪಬೇಕು. ಮುಚ್ಚಿದ ಬೆಟ್ಟದವರಿಗೆ ಸುರಕ್ಷಿತ ಕಡೆಯ ಸೌದೆ, ದರಗಿನ ಬದಲು ಭತ್ತದ ಹುಲ್ಲು, ದಿನ ಕಳೆದುಕೊಳ್ಳುವವರಿಗೆ ಉದ್ಯೋಗ ಖಾತ್ರಿಯ ಕೆಲಸ. ಉಳಿದ ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ತೈಲ. ಅದನ್ನು ಆಸ್ಪತ್ರೆಯಲ್ಲಿಟ್ಟು 'ಬಂದು ಒಯ್ಯಿರಿ' ಎಂದರೆ ಬೆಳಗ್ಗೆ ಆರಕ್ಕೆ ಹೊರಡುವವರು ಒಯ್ಯುವುದಿಲ್ಲ, ಹಿಂದಿನ ಸಂಜೆಯೇ ಮನೆಗೆ ಮುಟ್ಟಿಸಿ. ಕೈಕಾಲು, ಕುತ್ತಿಗೆಗೆ ಹಚ್ಚಿಯೇ ಕಾಡು ಹೊಗಬೇಕು. ವಾಪಸಾದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ ಹುಡುಕಿ ನೋಡಬೇಕು. ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲವಾದ್ದರಿಂದ ಈ ಅಭ್ಯಾಸವೇ ಆಧಾರ.

ಎಡವಟ್ಟಾಗುವುದು ಸಾಮಾನ್ಯವಾಗಿ ಒಂದೇ ಕಡೆ. ಮಂಗ ಸತ್ತಿದ್ದನ್ನು ಹೇಳಿದರೆ ಕಾಡು ಮುಚ್ಚುತ್ತಾರೆ, ದಂಡ ಹಾಕುತ್ತಾರೆ ಎಂದು ಗೊತ್ತಾದರೆ ಜನ ಹೇಳುವುದನ್ನೇ ನಿಲ್ಲಿಸುತ್ತಾರೆ. ಕತ್ತಲಲ್ಲೇ ತೈಲವಿಲ್ಲದೆ ಹೋಗಿಬರುತ್ತಾರೆ. ಜ್ವರ ಬಂದಾಗ ಕಾಡಿಗೆ ಹೋದದ್ದನ್ನು ಡಾಕ್ಟರಿಗೂ ಮುಚ್ಚಿಡುತ್ತಾರೆ, ರಕ್ತ ಪರೀಕ್ಷೆ ತಡವಾಗುತ್ತದೆ. ಆದ್ದರಿಂದ ಆದೇಶದಲ್ಲಿ ದಂಡದ ಸಾಲು ಬೇಡ. ಮಾಹಿತಿ ಕೊಟ್ಟವರ ಹೆಸರು ಹೊರಗೆ ಬರುವುದಿಲ್ಲ ಎಂಬ ಸಾಲು ಇರಲಿ.

ಆದೇಶದಲ್ಲಿ ಬೆಟ್ಟದ ಹೆಸರು, ಶುರುವಾಗುವ ದಿನ, ಮತ್ತೆ ಪರಿಶೀಲಿಸುವ ದಿನ ಮೂರೂ ಇರಬೇಕು. 'ಮುಂದಿನ ಆದೇಶದವರೆಗೆ' ಎಂದು ಬರೆಯಬೇಡಿ, 14 ದಿನಕ್ಕೊಮ್ಮೆ ನಕ್ಷೆ ಬಿಚ್ಚಿ. ಆ ಬೆಟ್ಟದಿಂದ ಹೊಸ ಪ್ರಕರಣ ಬರಲಿಲ್ಲ ಎಂಬುದೊಂದನ್ನೇ ನೋಡಿ ತೆರೆಯಬೇಡಿ, ಯಾರೂ ಹೋಗದ ಕಡೆ ಪ್ರಕರಣ ಬರುವುದೂ ಇಲ್ಲ. ಮಂಗ ಸಾಯುವುದು ನಿಂತಿದೆಯೇ, ಉಣುಗು ಹಿಡಿದು ಪರೀಕ್ಷಿಸಿದವರು ಏನು ಹೇಳಿದರು ಎಂಬುದನ್ನೂ ಕೇಳಿ. ಮಳೆ ಹಿಡಿದ ಮೇಲೆ ಮರಿ ಉಣುಗಿನ ಕಾಟ ಇಳಿಯುತ್ತದೆ, ಆಗ ನಿರ್ಬಂಧ ಎತ್ತಿ, ಎತ್ತಿದ್ದನ್ನೂ ಹಾಕಿದಾಗಿನಷ್ಟೇ ಜೋರಾಗಿ ಡಂಗುರ ಸಾರಿಸಿ.