ಬೌಂಡರಿ ಇಲ್ಲದೆ ಬಂದ ಹೆಡರ್

ಫೈಲ್ ಅಪ್‌ಲೋಡ್ ಮಾಡುವ ಎಪಿಐ (ಬೇರೆ ಪ್ರೋಗ್ರಾಂಗಳು ನಮ್ಮ ಸರ್ವರ್ ಜೊತೆ ಮಾತಾಡುವ ದಾರಿ) ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಹೆಚ್ಚಿನವರಿಗೆ ಅದು ಸರಿಯಾಗಿ ಕೆಲಸ ಮಾಡುತ್ತಿತ್ತು, ಕೆಲವರಿಗೆ ಮಾತ್ರ ಬರೀ 400, ಅಂದರೆ ರಿಕ್ವೆಸ್ಟ್ ಸರಿಯಿಲ್ಲ ಅನ್ನುವ ಉತ್ತರ. ಲಾಗ್‌ನಲ್ಲಿ 'ಬ್ಯಾಡ್ ರಿಕ್ವೆಸ್ಟ್' ಅಂತ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ದಿನ ನಮ್ಮ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಟಿಎಲ್‌ಎಸ್ ಎನ್‌ಕ್ರಿಪ್ಷನ್ ಇಲ್ಲದ ಟೆಸ್ಟ್ ಸರ್ವರ್ ಒಂದರಲ್ಲಿ ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ, ಬಂದ ಬೈಟ್‌ಗಳನ್ನು ಹಾಗ್ಹಾಗೇ ನೋಡಿದೆ.

ಡೇಟಾಗೂ ಮೊದಲು ಬರುವ ವಿವರದ ಸಾಲುಗಳಲ್ಲಿ (ಹೆಡರ್‌ಗಳಲ್ಲಿ) ಒಂದಾದ ಕಂಟೆಂಟ್-ಟೈಪ್‌ನಲ್ಲಿ 'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ಅಂತಷ್ಟೇ ಇತ್ತು. ಅದರ ಮುಂದೆ ಬೌಂಡರಿ, ಅಂದರೆ ಭಾಗಗಳನ್ನು ಬೇರ್ಪಡಿಸುವ ಗುರುತು, ಇರಬೇಕಿತ್ತು. ಅದು ಗೊತ್ತಿಲ್ಲದೆ ಒಂದು ಭಾಗ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಅದನ್ನು ಬಿಡಿಸಿ ಓದುವ ಪಾರ್ಸರ್‌ಗೆ ತಿಳಿಯೋದಾದರೂ ಹೇಗೆ? ಕಳಿಸುವವರು ಆ ಹೆಡರನ್ನು ಕೈಯಾರೆ ಬರೆದಿದ್ದರು. ಸುಮ್ನೆ ಬಿಟ್ಟಿದ್ದರೆ ಲೈಬ್ರರಿಯೇ ಬೌಂಡರಿ ಸೇರಿಸಿ ಕಳಿಸುತ್ತಿತ್ತು. ಪೈಥಾನ್‌ನ ರಿಕ್ವೆಸ್ಟ್ಸ್, ಬ್ರೌಸರ್‌ನ ಫೆಚ್ ಎರಡರಲ್ಲೂ ಹೀಗೇ. ಆ ಒಂದು ಸಾಲು ಅಳಿಸಿದ ಕೂಡಲೇ ಫೈಲ್ ಬಂತು.

ನಿಜ ಹೇಳಬೇಕೆಂದರೆ, ಅದಕ್ಕೂ ಮೊದಲು ನಾನು ಸರ್ವರ್‌ನಲ್ಲೇ ಸರಿಮಾಡಿದ್ದೆ. ಬಾಡಿಯ (ಹೆಡರ್‌ಗಳ ನಂತರ ಬರುವ ಡೇಟಾ) ಮೊದಲ ಸಾಲಿನಲ್ಲಿ ಎರಡು ಅಡ್ಡಗೆರೆಗಳಾದ ಮೇಲೆ ಬೌಂಡರಿಯೇ ಇರುತ್ತದೆ, ಅದನ್ನೇ ಎತ್ತಿಕೊಂಡರಾಯ್ತು ಅಲ್ವಾ? ಕೆಲಸವೂ ಮಾಡಿತು. ಆದರೆ ಮುಂದೆ ನಿಂತ ಫೈರ್‌ವಾಲ್‌ಗೆ ಓದಲಾಗದ ಫೈಲನ್ನು ನಮ್ಮ ಸರ್ವರ್ ಊಹೆಯ ಮೇಲೆ ಓದಿದರೆ, ಅದು ತಪಾಸಣೆ ಇಲ್ಲದೆ ಒಳಗೆ ಬಂದಂತೆ. ಆ ಕೋಡ್ ತೆಗೆದುಹಾಕಿದೆ.

ಇನ್ನೊಂದು ಕ್ಲೈಂಟ್‌ನಿಂದ 'ಕಂಟೆಂಟ್-ಲೆಂಗ್ತ್ : 52' ಬಂತು, ಅಂದರೆ ಬಾಡಿ 52 ಬೈಟ್ ಇದೆ ಅಂತ. ಕೋಲನ್‌ಗೆ ಮೊದಲು ಒಂದು ಸ್ಪೇಸ್, ಅಷ್ಟೇ. ಕಣ್ಣಿಗೇ ಬೀಳುವುದಿಲ್ಲ. 2022ರ ಆರ್‌ಎಫ್‌ಸಿ 9112 (ಎಚ್‌ಟಿಟಿಪಿ/1.1ರ ಮಾನದಂಡ) ಪ್ರಕಾರ ಇಂಥ ರಿಕ್ವೆಸ್ಟ್‌ಗೆ ಸರ್ವರ್ 400 ಕೊಡಲೇಬೇಕು. ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಪ್ರಾಕ್ಸಿ (ಮುಂದೆ ನಿಂತು ರಿಕ್ವೆಸ್ಟ್ ದಾಟಿಸುವ ಸರ್ವರ್) ಆ ಸಾಲನ್ನು ಒಪ್ಪಿಕೊಂಡು, ಅದರ ಹಿಂದಿರುವ ಸರ್ವರ್ ಆ ಸಾಲನ್ನು ಕಡೆಗಣಿಸಿದರೆ, ಆ 52 ಬೈಟ್‌ಗಳು ಅದಕ್ಕೆ ಹೊಸ ರಿಕ್ವೆಸ್ಟ್‌ನಂತೆ ಕಾಣುತ್ತವೆ. ರಿಕ್ವೆಸ್ಟ್ ಸ್ಮಗ್ಲಿಂಗ್‌ಗೆ (ಒಂದು ರಿಕ್ವೆಸ್ಟ್ ಒಳಗೆ ಇನ್ನೊಂದನ್ನು ಅಡಗಿಸಿ ದಾಟಿಸುವ ದಾಳಿಗೆ) ಬಾಗಿಲು ತೆರೆಯುವುದೇ ಹೀಗೆ. ಲೆಂಗ್ತ್ ಜೊತೆಗೆ ಟ್ರಾನ್ಸ್‌ಫರ್-ಎನ್‌ಕೋಡಿಂಗ್ (ಬಾಡಿ ಎಲ್ಲಿ ಮುಗಿಯುತ್ತದೆ ಅಂತ ಬೇರೆ ರೀತಿ ತಿಳಿಸುವ ಹೆಡರ್) ಕೂಡ ಬಂದರೆ ಅದನ್ನೂ ನಾನು ಒಳಗೆ ಬಿಡುವುದಿಲ್ಲ. ಕೋಲನ್ ಆದ ಮೇಲೆ ಬರುವ ವ್ಯಾಲ್ಯೂದ ಆಚೀಚೆ ಸ್ಪೇಸ್ ಇದ್ದರೆ ಚಿಂತೆಯಿಲ್ಲ, ಅದನ್ನು ತೆಗೆದು ಓದಬಹುದು.

ಆದರೆ ಬರೀ 400 ಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಸರಿ ಅನ್ನಿಸಲಿಲ್ಲ. ಆ ಕಡೆಯವರೂ ನನ್ನ ಹಾಗೇ ಎರಡು ದಿನ ಒದ್ದಾಡುತ್ತಾರೆ. ಈಗ ತಪ್ಪಿರುವ ಸಾಲು, ಪ್ರತಿ ಬೈಟೂ ಸಂಖ್ಯೆಯಾಗಿ ಕಾಣುವ ಹಾಗೆ, ಹೆಕ್ಸ್‌ನಲ್ಲಿ ಲಾಗ್ ಆಗುತ್ತದೆ, ಗುಟ್ಟಿನ ಕೀ ಇರುವ ಆಥರೈಸೇಷನ್ ಹೆಡರ್‌ನ ವ್ಯಾಲ್ಯೂವನ್ನು ಮಾತ್ರ ಮುಚ್ಚಿರುತ್ತೇನೆ. ಉತ್ತರದಲ್ಲಿ ಹೀಗೆ ಹೋಗುತ್ತದೆ: 'ಬೌಂಡರಿ ಇಲ್ಲ. ಕಂಟೆಂಟ್-ಟೈಪ್ ನೀವೇ ಬರೆದಿದ್ದರೆ ತೆಗೆಯಿರಿ, ಲೈಬ್ರರಿ ಹಾಕುತ್ತದೆ.'